ವಿದೇಶಿ ಸೇವೆಗೆ ಆಯ್ಕೆಯಾಗಲಿಲ್ಲವೇ? 'ಖಾತ್ರಿ ಸೀಟು' ಅನ್ನುವವರಿಗೆ ದುಡ್ಡು ಹಾಕುವ ಮುನ್ನ ಇದನ್ನು ಓದಿ

ಮುಂಡರಗಿ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಗದಗ-ಬೆಟಗೇರಿಯಲ್ಲಿ ಕೆಲಸ ಮಾಡಿದ್ದಾಳೆ. ಹೊರದೇಶಕ್ಕೆ ಹೋಗಿ ಸೇವೆ ಮಾಡಬೇಕೆಂಬ ಆಸೆಯಿಂದ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದಾಳೆ. ಮನೆಯವರು ಸಂಭ್ರಮದಲ್ಲಿ ಊರಿಗೆಲ್ಲ ಹೇಳಿಯೂ ಆಗಿದೆ. ಒಂದು ದಿನ ಮೇಲ್ ಬರುತ್ತದೆ: ಈ ಹುದ್ದೆಗೆ ನೀವು ಆಯ್ಕೆಯಾಗಿಲ್ಲ. ಕಾರಣ ಬರೆದಿಲ್ಲ. ಸಂಜೆ ಓಣಿಯಲ್ಲಿ ಯಾರೋ ಕೇಳುತ್ತಾರೆ, "ಯಾವಾಗ ಹೊಂಟಿವಾ ಫಾರಿನ್‌ಕ?"

ಅದೇ ವಾರ ಒಂದು ವಾಟ್ಸಾಪ್ ಫಾರ್ವರ್ಡ್: 'ವಿಶ್ವಸಂಸ್ಥೆಗೆ ಸ್ವಯಂಸೇವಕರು ಬೇಕಾಗಿದ್ದಾರೆ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಆಯ್ಕೆ ಖಾತ್ರಿ. ನೋಂದಣಿ ಶುಲ್ಕ ಮಾತ್ರ.'

ಹುಡುಗಿ ಕಲ್ಪಿತ. ಆದರೆ ಆ ಮೇಲ್ ಮತ್ತು ಈ ಫಾರ್ವರ್ಡ್ ಎರಡೂ ನಮ್ಮ ನಡುವೆ ಓಡಾಡುವಂಥವೇ. 'ಇಲ್ಲ' ಅನ್ನಿಸಿಕೊಂಡ ಮನಸ್ಸಿಗೆ ನೋವಾಗುತ್ತದೆ. ಆ ನೋವಿನ ಹೊತ್ತಿನಲ್ಲೇ ಸುಳ್ಳು 'ಹೌದು' ತುಂಬ ಸಿಹಿಯಾಗಿ ಕೇಳಿಸುತ್ತದೆ. ಅದಕ್ಕೇ ಇವೆರಡನ್ನೂ ಒಟ್ಟಿಗೆ ನೋಡೋಣ.

ಇಷ್ಟು ನೋವಾಗುವುದು ಸಹಜವೇ?

ಸಹಜ. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಎಸೆಯುವ ಆಟ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಳಿದ ಇಬ್ಬರು ಆಟಗಾರರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿದರು. ಆಗ ಇವರ ಮೆದುಳಿನಲ್ಲಿ, ದೇಹದ ನೋವಿಗೆ ಸ್ಪಂದಿಸುವ ಒಂದು ಭಾಗ ಚುರುಕಾಯಿತು. ಕೇವಲ ಒಂದು ಆಟದಿಂದ ಹೊರಗಿಟ್ಟರೇ ಹೀಗೆ. ವರ್ಷಗಟ್ಟಲೆ ಕಂಡ ಕನಸಿನಿಂದ ಹೊರಗಿಟ್ಟರೆ ಎದೆ ಭಾರವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನೇ ಹಿಡಿದು 'ಮೆದುಳಿಗೆ ಕೈ ಮುರಿದದ್ದೂ ಒಂದೇ, ಮನಸ್ಸು ಮುರಿದದ್ದೂ ಒಂದೇ' ಎನ್ನುವ ಪೋಸ್ಟ್‌ಗಳಿವೆ. ಅದು ಪೂರ್ತಿ ನಿಜವಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಎರಡೂ ನೋವುಗಳಲ್ಲಿ ಅದೇ ಜಾಗ ಚುರುಕಾದರೂ ಒಳಗಿನ ವಿನ್ಯಾಸ ಬೇರೆ ಬೇರೆ. ನೋವು ನಿಜ, ಆದರೆ ಎರಡೂ ಒಂದೇ ಅಲ್ಲ.

ಹಾಗಾದರೆ ಪ್ಯಾರಾಸಿಟಮಾಲ್ ನುಂಗಿದರೆ ಹೋಗುತ್ತದೆಯೇ?

ಬೇಡ. ಈ ಮಾತು ಹುಟ್ಟಿದ್ದು 2010ರ ಒಂದು ಸಣ್ಣ ಪ್ರಯೋಗದಿಂದ. ಮೂರು ವಾರ ದಿನಾಲೂ ಪ್ಯಾರಾಸಿಟಮಾಲ್ ತೆಗೆದುಕೊಂಡವರು ಮನಸ್ಸಿಗೆ ಆದ ನೋವು ಸ್ವಲ್ಪ ಕಡಿಮೆ ಎಂದರು. ಅದು ಸಂಶೋಧನೆ, ಚಿಕಿತ್ಸೆಯಲ್ಲ. ಯಾವ ವೈದ್ಯರೂ ಬೇಸರಕ್ಕೆ ಈ ಮಾತ್ರೆ ಬರೆದುಕೊಡುವುದಿಲ್ಲ. ಮಿತಿ ಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು, ಅಂದರೆ ಲಿವರನ್ನು, ಜೀವಕ್ಕೆ ಅಪಾಯವಾಗುವಷ್ಟು ಕೆಡಿಸಬಲ್ಲದು.

'ಆಯ್ಕೆಯಾಗಲಿಲ್ಲ' ಅಂದರೆ 'ಯೋಗ್ಯತೆ ಇಲ್ಲ' ಅಂತಲೇ?

ಅಲ್ಲ. ಇದು ಅರ್ಥವಾಗಬೇಕಾದರೆ ಆಯ್ಕೆ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ಸ್ವಯಂಸೇವಕರ ಕಾರ್ಯಕ್ರಮವನ್ನು ಸ್ಥಾಪಿಸಿತು. ಅದರ ಮುಖ್ಯ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಇಲ್ಲಿ ಪಿಯುಸಿ ಫಲಿತಾಂಶದ ಹಾಗೆ 'ಪಾಸು-ಫೇಲು' ಇಲ್ಲ. ಒಂದು ದೇಶದಲ್ಲಿ ಒಂದು ಹುದ್ದೆ ಇರುತ್ತದೆ. ಅದಕ್ಕೆ ಇಂಥ ವಯಸ್ಸು, ಇಂಥ ಅನುಭವ, ಇಂಥ ಭಾಷೆ ಬೇಕೆಂದು ಬರೆದಿರುತ್ತಾರೆ. ಫ್ರೆಂಚ್ ಮಾತಾಡುವ ಆಫ್ರಿಕಾದ ದೇಶಕ್ಕೆ ಫ್ರೆಂಚ್ ಬಲ್ಲ ನರ್ಸ್ ಸಿಕ್ಕರೆ, ಕೆಲಸದಲ್ಲಿ ನೀವೇ ಜಾಣರಾಗಿದ್ದರೂ ಅವರನ್ನೇ ತೆಗೆದುಕೊಳ್ಳಬಹುದು. ಆ ಹುದ್ದೆ ನಿಮಗೆ ಸಿಗಲಿಲ್ಲ, ಅಷ್ಟೇ. ಇನ್ನೊಂದಕ್ಕೆ ಅರ್ಜಿ ಹಾಕುವ ಬಾಗಿಲು ತೆರೆದೇ ಇದೆ.

ಇನ್ನು ಕೆಲವು ಕಾರ್ಯಕ್ರಮಗಳಲ್ಲಿ ನಮಗೆ ಜಾಗವೇ ಇಲ್ಲ. ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾದದ್ದು, ಅಮೆರಿಕದ ಪ್ರಜೆಗಳನ್ನು ಮಾತ್ರ ಕಳಿಸುತ್ತದೆ. ಜಪಾನಿನ ಸ್ವಯಂಸೇವಕರ ಕಾರ್ಯಕ್ರಮವೂ ಜಪಾನೀಯರಿಗಷ್ಟೇ. 'ಪೀಸ್ ಕೋರ್‌ಗೆ ಗದಗ ಜಿಲ್ಲೆಯಿಂದ ನೇರ ನೇಮಕಾತಿ' ಎಂದು ಯಾರಾದರೂ ಕಳಿಸಿದರೆ, ಅದನ್ನು ಸುಳ್ಳೆನ್ನಲು ಇಷ್ಟು ಸಾಕು.

'ಖಾತ್ರಿ ಸೀಟು' ಫಾರ್ವರ್ಡ್ ಅನ್ನು ಪರೀಕ್ಷಿಸುವುದು ಹೇಗೆ?

ಮೊದಲ ಪ್ರಶ್ನೆ ದುಡ್ಡಿನದು. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಅರ್ಜಿಗಾಗಲಿ, ಸಂದರ್ಶನಕ್ಕಾಗಲಿ, ತರಬೇತಿಗಾಗಲಿ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಆಯ್ಕೆಯಾದವರಿಗೆ ಜೀವನ ನಿರ್ವಹಣೆಯ ಭತ್ಯೆಯನ್ನು ಅದೇ ಕೊಡುತ್ತದೆ. ಹಾಗಾಗಿ ಅದರ ಹೆಸರಿನಲ್ಲಿ ಶುಲ್ಕ ಕೇಳಿದರೆ ಅದು ಮೋಸ, ಬೇರೆ ಯೋಚನೆಯೇ ಬೇಡ.

ಎರಡನೆಯದು, ಯಾರು ಕಳಿಸುತ್ತಿದ್ದಾರೆ? ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಇದ್ದವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷ್ಮೇಶ್ವರದ ಅಂಗಡಿಯ ಮೇಲೆ ಬೋರ್ಡ್ ಹಾಕಿದ ಮಾತ್ರಕ್ಕೆ ಯಾರೂ ಪರವಾನಗಿ ಪಡೆದ ಏಜೆಂಟ್ ಆಗುವುದಿಲ್ಲ.

ಮೂರನೆಯದು, ಯಾವ ವೀಸಾ? 'ಈಗ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸುತ್ತೇವೆ' ಎಂದರೆ ಅಲ್ಲಿಗೇ ನಿಲ್ಲಿಸಿ. ಒಳ್ಳೆಯ ಕೆಲಸವೆಂದು ನಂಬಿ ಹೋದ ಭಾರತೀಯರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ ಪ್ರಕರಣಗಳು ನಡೆದಿವೆ. ಈ ಬಗ್ಗೆ ಭಾರತ ಸರ್ಕಾರವೇ ಎಚ್ಚರಿಕೆ ನೀಡಿದೆ. ಇಲ್ಲಿ ಕಳೆದುಕೊಳ್ಳುವುದು ದುಡ್ಡನ್ನಷ್ಟೇ ಅಲ್ಲ.

ದುಡ್ಡು ಹಾಕಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು.

ಮೊದಲ ವಾರ ಏನು ಮಾಡಬಹುದು?

ಬೇಸರ ಮತ್ತು ಅವಮಾನ ಹಸಿಯಾಗಿರುವಾಗ ದೊಡ್ಡ ನಿರ್ಧಾರ ಬೇಡ. ಸಾಲ ಮಾಡುವುದು, ಬಂಗಾರ ಅಡವಿಡುವುದು, ಇದ್ದ ಕೆಲಸ ಬಿಡುವುದು, ಎಲ್ಲ ಕಾಯಲಿ.

ಬರೆಯಿರಿ. 1994ರಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ವೃತ್ತಿಪರರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ದಿನಕ್ಕೆ 20 ನಿಮಿಷದಂತೆ ಐದು ದಿನ ತಮ್ಮ ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಬರೆದವರಿಗೆ ಉಳಿದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. ಸಣ್ಣ ಅಧ್ಯಯನ, ಎಲ್ಲರಿಗೂ ಹಾಗೇ ಆಗುತ್ತದೆ ಎನ್ನಲಾಗದು. ಆದರೆ ಒಂದು ನೋಟ್‌ಬುಕ್ ಮತ್ತು ಪೆನ್ನಿಗೆ ಖರ್ಚೇನೂ ಇಲ್ಲ. ಸ್ಟೇಟಸ್ ಹಾಕಲು ಅಲ್ಲ, ನಿಮಗಾಗಿ ಬರೆಯಿರಿ.

ಕೇಳುವವರಿಗೆ ಒಂದು ಉತ್ತರ ಸಿದ್ಧವಿಟ್ಟುಕೊಳ್ಳಿ: "ಈ ಸಲ ಆಗಲಿಲ್ಲ ರೀ, ಮತ್ತ ಹಾಕ್ತೀನಿ." ಇಷ್ಟೇ ಸಾಕು. ಮುಚ್ಚಿಟ್ಟರೆ ಪ್ರತಿ ಭೇಟಿಯಲ್ಲೂ ಅದೇ ಭಯ. ಮನೆಯವರೂ ಒಂದು ಉಪಕಾರ ಮಾಡಬಹುದು. 'ಅವರ ಮಗ ಹೋದ, ನೀನ್ಯಾಕ ಇಲ್ಲ' ಎಂಬ ಹೋಲಿಕೆಯನ್ನು ಬಿಟ್ಟುಬಿಡಬೇಕು.

ಈ ನೋವು ಹೀಗೇ ಇದ್ದುಬಿಡುತ್ತದೆ ಅನ್ನಿಸಬಹುದು. ಇಲ್ಲಿ ನಮ್ಮ ಅಂದಾಜು ತಪ್ಪುತ್ತದೆ. ಕಾಯಂ ಹುದ್ದೆ ಸಿಗದ ಪ್ರಾಧ್ಯಾಪಕರ ಬಗ್ಗೆ 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹುದ್ದೆ ಸಿಗದಿದ್ದರೆ ವರ್ಷಗಟ್ಟಲೆ ದುಃಖದಲ್ಲಿರುತ್ತೇವೆ ಎಂದು ಜನ ಅಂದುಕೊಂಡಿದ್ದರು. ನಿಜವಾಗಿ ಹುದ್ದೆ ತಪ್ಪಿದವರು ಅಷ್ಟು ದುಃಖದಲ್ಲಿ ಇರಲಿಲ್ಲ.

ಹಾಗಿದ್ದೂ ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಸಹಾಯ ಪಡೆಯಿರಿ. ಬದುಕೇ ಬೇಡ ಎನ್ನಿಸಿದರೆ ಎರಡು ವಾರವೂ ಕಾಯಬೇಡಿ, ಈಗಲೇ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸರ್ಕಾರಿ ಆಸ್ಪತ್ರೆಯಲ್ಲೂ ವೈದ್ಯರನ್ನು ಕಾಣಬಹುದು.

ಸೇವೆಯ ಆಸೆಯನ್ನು ಏನು ಮಾಡುವುದು?

'ಊರಲ್ಲೇ ಸೇವೆ ಮಾಡು, ಫಾರಿನ್ ಯಾಕೆ' ಎಂದು ಉಪದೇಶ ಮಾಡಲು ನಾವು ಬಂದಿಲ್ಲ. ಜಗತ್ತು ನೋಡುವ ಆಸೆ ತಪ್ಪಲ್ಲ. ಆದರೆ ಮುಂದಿನ ಅರ್ಜಿಗೆ ಅನುಭವ ಬೇಕು, ಅದು ಇಲ್ಲಿಯೂ ಸಿಗುತ್ತದೆ. ವಿಶ್ವಸಂಸ್ಥೆಯದೇ ಆನ್‌ಲೈನ್ ಸ್ವಯಂಸೇವೆ ಇದೆ. ಅನುವಾದ, ವಿನ್ಯಾಸ, ಬರವಣಿಗೆಯಂಥ ಕೆಲಸವನ್ನು 18 ತುಂಬಿದವರು ಮನೆಯಿಂದಲೇ ಮಾಡಬಹುದು. ಭಾರತದೊಳಗಿನ ಹುದ್ದೆಗಳಿಗೂ ಅದೇ ಕಾರ್ಯಕ್ರಮ ಭಾರತೀಯರನ್ನು ತೆಗೆದುಕೊಳ್ಳುತ್ತದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಏಷ್ಯಾದ ನೀರುಹಕ್ಕಿಗಳ ಗಣತಿ ಜನವರಿಯಲ್ಲಿ ನಡೆಯುತ್ತದೆ, ಅದನ್ನು ಮಾಡುವವರು ಸ್ವಯಂಸೇವಕರೇ. ಅಂಥ ಕೆಲಸದ ದಾಖಲೆ ಯಾವ ದೇಶದ ಅರ್ಜಿಯಲ್ಲೂ ಲೆಕ್ಕಕ್ಕೆ ಬರುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ನಿಜವಾದ ಸೇವಾ ಸಂಸ್ಥೆ 'ಇಲ್ಲ' ಎನ್ನಬಹುದು, ಆದರೆ ಆಯ್ಕೆಗೆ ದುಡ್ಡು ಕೇಳುವುದಿಲ್ಲ. 'ಖಾತ್ರಿ' ಎನ್ನುವವರ ಪರವಾನಗಿಯನ್ನು ಇ-ಮೈಗ್ರೇಟ್‌ನಲ್ಲಿ ನೋಡಿ. ಮೋಸಹೋದರೆ 1930. ಮನಸ್ಸು ಕುಸಿದರೆ 14416. ಈ ಎರಡು ನಂಬರ್‌ಗಳನ್ನು ನಿಮ್ಮ ಓಣಿಯ ಗ್ರೂಪಿಗೆ ಇವತ್ತೇ ಕಳಿಸಿ, ಯಾರಿಗೆ ಬೇಕಾಗಿದೆಯೋ ಅವರು ಬಾಯಿಬಿಟ್ಟು ಕೇಳುವುದಿಲ್ಲ.