ಎಷ್ಟೇ ಎಳೆದರೂ ಅಷ್ಟೇ ಬಲ

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯಂಥ ಬಡಾವಣೆಗಳ ಸೂಪರ್ ಮಾರ್ಕೆಟ್ಟುಗಳಲ್ಲಿ ಕೆಲವು ಶೆಲ್ಫುಗಳು ಗಿರಾಕಿಗೆ ಸದ್ದಿಲ್ಲದೆ ಸಹಾಯ ಮಾಡುತ್ತವೆ. ಮುಂದಿನ ಪ್ಯಾಕೆಟ್ ತೆಗೆದರೆ ಹಿಂದಿನದು ತಾನಾಗಿ ಮುಂದಕ್ಕೆ ಸರಿಯುತ್ತದೆ. ಸಾಲು ತುಂಬಿದ್ದಾಗ ಪ್ಯಾಕೆಟ್ಟುಗಳು ನಜ್ಜುಗುಜ್ಜಾಗುವುದಿಲ್ಲ. ಒಂದೇ ಉಳಿದಾಗಲೂ ತಳ್ಳುವ ಬಲ ಕುಗ್ಗುವುದಿಲ್ಲ.

ಬಾಲ್‌ಪೆನ್ನಿನೊಳಗಿರುವಂಥ ಸುರುಳಿ ಸ್ಪ್ರಿಂಗಿನಿಂದ ಇದು ಸಾಧ್ಯವಿಲ್ಲ. ಎರಡರಷ್ಟು ಎಳೆದರೆ ಅದರ ಬಲವೂ ಎರಡರಷ್ಟಾಗುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದೇ. ಹಾಗಿದ್ದರೆ ಶೆಲ್ಫಿನ ಸ್ಪ್ರಿಂಗು ಹುಕ್‌ನ ನಿಯಮವನ್ನು ಮುರಿಯುತ್ತದೆಯೇ?

ಇಲ್ಲ. ಅದರ ಜಾಣತನ ಬೇರೆ ಕಡೆ ಇದೆ. ಇದು ತಂತಿಯಲ್ಲ, ಸ್ಪ್ರಿಂಗ್ ಸ್ಟೀಲಿನ ತೆಳುವಾದ ಚಪ್ಪಟೆ ಪಟ್ಟಿ. ತಯಾರಿಸುವಾಗಲೇ ಉದ್ದಕ್ಕೂ ಒಂದೇ ಸಮನಾದ ಬಾಗು ಕೊಟ್ಟಿರುತ್ತಾರೆ. ಹಾಗಾಗಿ ಬಿಟ್ಟರೆ ಸಾಕು, ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಶೆಲ್ಫಿನಲ್ಲಿ ಪಟ್ಟಿಯ ತುದಿಯನ್ನು ಮುಂಭಾಗಕ್ಕೆ ಸಿಕ್ಕಿಸಿ, ಸುರುಳಿಯನ್ನು ತಳ್ಳುಹಲಗೆಯ ಹಿಂದೆ ಕೂರಿಸಿರುತ್ತಾರೆ. ಸುತ್ತಿಕೊಳ್ಳುತ್ತಾ ಸುರುಳಿ ಮುಂದಕ್ಕೆ ಉರುಳುತ್ತದೆ; ಹಲಗೆಯೂ ಪ್ಯಾಕೆಟ್ಟುಗಳೂ ಅದರ ಜೊತೆ ಬರುತ್ತವೆ.

ಸುರುಳಿ ಸ್ಪ್ರಿಂಗನ್ನು ಎಳೆದಾಗ ಅದರ ಎಲ್ಲ ಸುತ್ತುಗಳೂ ಒಟ್ಟಿಗೆ ಹಿಗ್ಗುತ್ತಾ ಹೋಗುತ್ತವೆ. ಇಲ್ಲಿ ಹಾಗಲ್ಲ. ಪಟ್ಟಿ ಸುರುಳಿಯಿಂದ ಬಿಡಿಸಿಕೊಂಡು ನೆಟ್ಟಗಾಗುವ ಆ ಗಡಿಯಲ್ಲಷ್ಟೇ ಹೊಸದಾಗಿ ಕೆಲಸ ನಡೆಯುತ್ತದೆ. ಆಗಲೇ ನೆಟ್ಟಗಾದ ಭಾಗ ಇನ್ನಷ್ಟು ಬಾಗುವುದಿಲ್ಲ. ಸುರುಳಿಯಲ್ಲಿರುವ ಭಾಗದ ಸರದಿ ಇನ್ನೂ ಬಂದಿಲ್ಲ. ಒಂದು ಸೆಂಟಿಮೀಟರ್ ಎಳೆದರೆ ಒಂದು ಸೆಂಟಿಮೀಟರ್ ಪಟ್ಟಿ ನೆಟ್ಟಗಾಗುತ್ತದೆ. ಮೊದಲ ಸೆಂಟಿಮೀಟರಿಗೆ ತಗಲುವ ಶಕ್ತಿಯೇ ಐವತ್ತನೆಯದಕ್ಕೂ ಸಾಕು. ಆದ್ದರಿಂದಲೇ ಬಲ ಬದಲಾಗುವುದಿಲ್ಲ. ಪಟ್ಟಿಯ ಪ್ರತಿಯೊಂದು ಚೂರೂ ಹುಕ್‌ನ ಮಾತು ಕೇಳುತ್ತದೆ, ಆದರೆ ಒಮ್ಮೆಗೆ ಒಂದೊಂದೇ ಚೂರು. ಎಳೆಯಲು ಶುರುಮಾಡಿದ ಕೂಡಲೇ ಪೂರ್ಣ ಬಲ ಸಿಗುವುದಿಲ್ಲ ಎಂಬುದೂ ನಿಜ. ಸುರುಳಿಯ ವ್ಯಾಸಕ್ಕಿಂತ ತುಸು ಹೆಚ್ಚು, ಸುಮಾರು 1.25 ಪಟ್ಟು, ಎಳೆದ ಮೇಲಷ್ಟೇ ಬಲ ಸ್ಥಿರವಾಗುತ್ತದೆ.

ಬಲ ಎಷ್ಟಿರಬೇಕು ಎಂಬುದನ್ನು ಪಟ್ಟಿಯ ಅಳತೆಗಳು ತೀರ್ಮಾನಿಸುತ್ತವೆ. 20 ಮಿ.ಮೀ. ಅಗಲ, 0.2 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು 15 ಮಿ.ಮೀ. ತ್ರಿಜ್ಯಕ್ಕೆ ಸುತ್ತಿದರೆ ಲೆಕ್ಕದ ಪ್ರಕಾರ ಸುಮಾರು 6 ನ್ಯೂಟನ್ ಬಲ ಸಿಗುತ್ತದೆ. ಅಂದರೆ ಹೆಚ್ಚುಕಡಿಮೆ 600 ಗ್ರಾಂ ತೂಕವನ್ನು ಎತ್ತಿಹಿಡಿಯುವಷ್ಟು. ಅಗಲ ಇಮ್ಮಡಿಯಾದರೆ ಬಲವೂ ಇಮ್ಮಡಿ. ದಪ್ಪ ಇಮ್ಮಡಿಯಾದರೆ ಎಂಟು ಪಟ್ಟು. ಸುರುಳಿಯ ತ್ರಿಜ್ಯ ಇಮ್ಮಡಿಯಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ.

ಬಡಗಿಯ ಅಳತೆ ಟೇಪಿನೊಳಗಿರುವುದೂ ಇದೇ ಎಂದು ಅನ್ನಿಸಬಹುದು. ಅದು ಇದರ ದಾಯಾದಿ, ಅಷ್ಟೇ. ಅಲ್ಲಿ ಪಟ್ಟಿಯ ಒಂದು ತುದಿ ನಡುವಿನ ಗೂಟಕ್ಕೂ ಇನ್ನೊಂದು ತಿರುಗುವ ಡಬ್ಬಿಗೂ ಸಿಕ್ಕಿರುತ್ತದೆ. ಟೇಪು ಎಳೆದಂತೆ ಎಲ್ಲ ಸುತ್ತುಗಳೂ ಬಿಗಿಯುತ್ತವೆ, ಬಲ ಏರುತ್ತದೆ. ಕೀ ಕೊಡುವ ಕೈಗಡಿಯಾರದ ಮೇನ್‌ಸ್ಪ್ರಿಂಗೂ ಇದೇ ಜಾತಿಯದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಿಂದ ಬಂದ ಕೀ ಗಡಿಯಾರಗಳಿಗೂ ಇದೇ ಸವಾಲಿತ್ತು: ಆಗಷ್ಟೇ ಕೀ ಕೊಟ್ಟಾಗ ಸ್ಪ್ರಿಂಗಿಗೆ ಹೆಚ್ಚು ಕಸುವು, ಮರುದಿನದ ಹೊತ್ತಿಗೆ ಕಡಿಮೆ. ಹೀಗಾದರೆ ಸಮಯ ತಪ್ಪಬಹುದು. ಮೇನ್‌ಸ್ಪ್ರಿಂಗಿಗೆ ಹಿಮ್ಮುಖ ಬಾಗು ಕೊಟ್ಟು, ಅದನ್ನು ಇಂಗ್ಲಿಷಿನ ‘ಎಸ್’ ಆಕಾರದಲ್ಲಿ ತಯಾರಿಸುವುದು ಈ ಏರುಪೇರನ್ನು ತಗ್ಗಿಸುವ ಒಂದು ಉಪಾಯ.

ದೊಡ್ಡ ಮೋಟಾರು, ಜನರೇಟರುಗಳಲ್ಲಿ ತಿರುಗುವ ಭಾಗಕ್ಕೆ ಒತ್ತಿಕೊಂಡೇ ಸವೆಯುವ ಕಾರ್ಬನ್ ಬ್ರಷ್‌ಗಳಿರುತ್ತವೆ. ಒತ್ತಡ ಕಡಿಮೆಯಾದರೆ ಕಿಡಿ ಹಾರುತ್ತದೆ. ಹೆಚ್ಚಾದರೆ ಬ್ರಷ್ ಬೇಗ ತೀರುತ್ತದೆ. ಬ್ರಷ್ ಸವೆದು ಗಿಡ್ಡವಾಗುವವರೆಗೂ ಒತ್ತಡ ಒಂದೇ ಸಮನಿರಲೆಂದು ಅಲ್ಲಿಯೂ ಶೆಲ್ಫಿನಲ್ಲಿರುವಂಥ ಪಟ್ಟಿಯನ್ನೇ ಬಳಸುತ್ತಾರೆ.

ಈ ಗುಣಕ್ಕೆ ತೆರಬೇಕಾದ ಬೆಲೆ ಆಯುಷ್ಯ. ಹೋಗಿಬರುವ ಪ್ರತಿ ಸಲವೂ ಪಟ್ಟಿ ನೆಟ್ಟಗಾಗಿ ಮತ್ತೆ ಬಾಗುತ್ತದೆ. ಲೋಹ ದಣಿದು ಬಿರುಕು ಬಿಡುತ್ತದೆ. ಪಟ್ಟಿ ದಪ್ಪವಾಗಿದ್ದು ಸುರುಳಿ ಚಿಕ್ಕದಾದಷ್ಟೂ ಬಲ ಹೆಚ್ಚು, ಬಾಳಿಕೆ ಕಡಿಮೆ. ಅದಕ್ಕೇ ಎಂಜಿನಿಯರುಗಳು ಬಲದ ಜೊತೆಗೆ ಇನ್ನೊಂದನ್ನೂ ಮೊದಲೇ ಕೇಳಿಕೊಳ್ಳುತ್ತಾರೆ: ಇದು ಎಷ್ಟು ಸಾವಿರ ಸಲ ಹೋಗಿಬರಬೇಕು?