ತಕಧಿಮಿಯ ಮರುಮುದ್ರಣ

ಹಳೆಯ ಗ್ರಂಥವೊಂದು ಮತ್ತೆ ಬೆಳಕು ಕಂಡಿತೆಂದರೆ ಕನ್ನಡದ ಅಧ್ಯಾಪಕನಿಗೆ ಅದೊಂದು ಹಬ್ಬ. ೧೮೯೮ರಲ್ಲಿ ಬಿ. ಎಲ್. ರೈಸರು ಪಂಪಭಾರತವನ್ನು ಅಚ್ಚು ಹಾಕಿಸದಿದ್ದರೆ ಆ ಮಹಾಕಾವ್ಯ ಓಲೆಗರಿಯ ಕಟ್ಟಿನಲ್ಲಿ ಇನ್ನೆಷ್ಟು ಕಾಲ ಮಲಗಿರುತ್ತಿತ್ತೋ! ಗ್ರಾಮಫೋನ್ ತಟ್ಟೆಗಳಿಗೂ ಈ ಮಾತು ಸಲ್ಲುತ್ತದೆ. ಮೂಲೆ ಸೇರಿದ್ದ ಧ್ವನಿಮುದ್ರಿಕೆಗಳನ್ನು ವಿನೈಲ್ ತಟ್ಟೆಗಳಾಗಿ ಮತ್ತೆ ಹೊರತರುವ ಉತ್ಸಾಹ ಇಂದು ಲೋಕದಲ್ಲಿ ಕಾಣುತ್ತಿದೆ. ಜಾಜ್ ಸಂಗೀತದ ಮೇಲೆ ಲಯಬದ್ಧವಾದ ಮಾತನ್ನು ಹರಿಯಬಿಡುವ ಅಮೆರಿಕದ ‘ಜಾಜ್ ರ‍್ಯಾಪ್’ಗೂ ಆ ಭಾಗ್ಯ ಒದಗಿದೆ. ೧೯೯೧ರಲ್ಲಿ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಎಂಬ ತಂಡದ ತರುಣರೊಡನೆ ಹಿರಿಯ ಜಾಜ್ ವಾದಕ ರಾನ್ ಕಾರ್ಟರ್ ಬಾಸ್ ನುಡಿಸಿದುದು ಈ ಪ್ರಕಾರದ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಅದಕ್ಕೂ ಎಂಟು ವರ್ಷ ಮೊದಲು, ೧೯೮೩ರಲ್ಲಿ, ನಮ್ಮ ಬೆಂಗಳೂರಿನ ಕಲಾವಿದರು ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು, ಇ.ಸಿ.ಎಂ. ಸಂಸ್ಥೆ ಅದನ್ನು ಪ್ರಕಟಿಸಿತು. ಬಾಸ್ಟನ್ನಿನಲ್ಲಿ ಹುಟ್ಟಿ, ನಾಗಸ್ವರವನ್ನೂ ಕಲಿತಿದ್ದ ಚಾರ್ಲಿ ಮರಿಯಾನೋನ ಸ್ಯಾಕ್ಸೊಫೋನಿನೊಡನೆ ಆರ್. ಎ. ರಮಾಮಣಿಯವರ ಗಾಯನ, ಟಿ. ಎ. ಎಸ್. ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ, ಟಿ. ಎನ್. ಶಶಿಕುಮಾರರ ಖಂಜಿರ ಅಲ್ಲಿ ಕೂಡಿವೆ. ಜೊತೆಗೆ, ಮಾತೇ ತಾಳವಾಗುವ ಕೊನ್ನಕ್ಕೋಲು. ಇದನ್ನು ರ‍್ಯಾಪ್ ಎನ್ನಲಾಗದು. ಅಲ್ಲಿ ಮಾತಿಗೆ ಅರ್ಥವುಂಟು. ಇಲ್ಲಿ ಲಯವೇ ಅರ್ಥ. ಆದರೂ ನಾಲಗೆಯನ್ನು ವಾದ್ಯವಾಗಿಸುವ ಹಂಬಲ ಎರಡಕ್ಕೂ ಒಂದೇ.

ತರಗತಿಯಲ್ಲಿ ರಗಳೆಯ ಪಾಠ ಹೇಳುವಾಗ ನಾನು ಕೊನ್ನಕ್ಕೋಲಿನ ಮೊರೆಹೋಗುವುದುಂಟು. ‘ತಕಿಟ’ ಎಂದರೆ ಮೂರು ಮಾತ್ರೆ: ಉತ್ಸಾಹ ರಗಳೆಯ ಗಣ. ‘ತಕಧಿಮಿ’ ನಾಲ್ಕು: ಮಂದಾನಿಲದ ನಡೆ. ‘ತದಿಗಿಣತೊಂ’ ಐದು ಎಣಿಕೆ: ಲಲಿತದ ಬಳುಕು. ಛಂದಸ್ಸು ಸೂತ್ರವೆಂದು ಹೆದರಿದ್ದ ಹುಡುಗರ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಆಡತೊಡಗುತ್ತವೆ. ಪುಸ್ತಕದಲ್ಲಿ ಸತ್ತಂತಿದ್ದ ಗಣ ಕಿವಿಯಲ್ಲಿ ಜೀವ ತಾಳುತ್ತದೆ.

ಕೈವಾರದವರಿಗೆ ಇದು ದೂರದ ವಿಷಯವೂ ಅಲ್ಲ. ತಾತಯ್ಯನವರ ತೆಲುಗು, ಕನ್ನಡ ಪದಗಳು ಅಚ್ಚಿನ ಪುಟಕ್ಕಿಂತ ಹೆಚ್ಚಾಗಿ ಭಜನೆಯ ಬಾಯಲ್ಲಿ ಬದುಕಿವೆ. ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ಈ ಊರು ಸಂಗೀತದಲ್ಲಿಯೇ ಮುಳುಗುತ್ತದೆ. ಆದರೆ ತನಿ ಆವರ್ತನ ಆರಂಭವಾಯಿತೆಂದರೆ ಕಾಫಿಗೆಂದು ಏಳುವುದು ನಾಡಿನ ಸಭೆಗಳ ಹಳೆಯ ಚಾಳಿ. ನಾವು ಎದ್ದುಹೋಗುವ ಆ ಹೊತ್ತಿನ ವಿದ್ಯೆಯನ್ನೇ ಪರದೇಶದವರು ಕುಳಿತು ಕೇಳಿದರು, ತಟ್ಟೆಗೆ ಇಳಿಸಿದರು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದ ಮಣಿಯವರು ೨೦೨೦ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆ?

ಆದುದರಿಂದ ಇಂಥ ತಟ್ಟೆಗಳ ಪುನಃಪ್ರಕಟಣೆಯನ್ನು ಬರಿಯ ಹಳೆಯ ಸಾಮಾನಿನ ಮೋಹವೆಂದು ತಳ್ಳಿಹಾಕಬಾರದು. ಹಾಗೆಯೇ, ತಟ್ಟೆ ಮರಳಿ ಬಂದರಷ್ಟೆ ಸಾಲದು. ಒಳ್ಳೆಯ ಸಂಪಾದಕನು ಕಾವ್ಯಕ್ಕೆ ಪೀಠಿಕೆಯನ್ನೂ ಶಬ್ದಕೋಶವನ್ನೂ ಜೋಡಿಸುವಂತೆ, ಯಾವ ತಾಳ, ಯಾವ ನಡೆ, ಯಾರ ಬೆರಳು, ಯಾರ ನಾಲಗೆ ಎಂಬುದನ್ನು ಹೊದಿಕೆಯ ಮೇಲೆ ಕನ್ನಡದಲ್ಲಿಯೂ ಬರೆಯಬೇಕು. ಓಲೆಗರಿಯನ್ನು ಓದಬಲ್ಲವರು ಇದ್ದುದರಿಂದ ಪಂಪ ಉಳಿದನು. ತನಿಯನ್ನು ಕೂತು ಕೇಳಬಲ್ಲವರಿದ್ದರೆ ತಕಧಿಮಿಯೂ ಉಳಿದೀತು.