ಬಿಯರ್ ಭಟ್ಟಿಯಿಂದ ಮೂಳೆಯ ಮದ್ದಿನವರೆಗೆ

ಜಪಾನಿನ ಕ್ಯೋವಾ ಕಿರಿನ್ ಔಷಧ ಕಂಪನಿ ಎರಡು ಹುದುಗಿನ ಮನೆತನಗಳ ಸಂಬಂಧದಿಂದ ಹುಟ್ಟಿದ್ದು. ಒಂದು ಕಡೆ ಕಿರಿನ್ ಬಿಯರ್, ಇನ್ನೊಂದು ಕಡೆ ಅಮೈನೊ ಆಮ್ಲಗಳನ್ನು ತಯಾರಿಸುತ್ತಿದ್ದ ಕ್ಯೋವಾ ಹಕ್ಕೊ. ಬಿಯರ್ ಕಂಪನಿಯ ಔಷಧ ವಿಭಾಗವೂ ಕ್ಯೋವಾ ಹಕ್ಕೊ ಕಂಪನಿಯೂ 2008ರ ಅಕ್ಟೋಬರ್‌ನಲ್ಲಿ ಒಂದಾದವು. ಈಗಿನ ಹೆಸರು ಬಂದದ್ದು 2019ರಲ್ಲಿ. ಕೇಂದ್ರ ಕಚೇರಿ ಟೋಕಿಯೊದಲ್ಲಿದೆ, ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಕಿರಿನ್ ಸಮೂಹದ ಕೈಯಲ್ಲಿದೆ. ವೈದ್ಯಲೋಕದಲ್ಲಿ ಕಂಪನಿಗೆ ಹೆಸರು ತಂದದ್ದು ಸಾವಿರಾರು ಜನರಲ್ಲಿ ಒಬ್ಬರಿಗೆ ಬರುವ ಅಪರೂಪದ ಕಾಯಿಲೆಗಳ ಮದ್ದು.

ಕ್ಯೋವಾ ಹಕ್ಕೊ ಶುರುವಾದದ್ದು 1949ರಲ್ಲಿ, ಯುದ್ಧದಲ್ಲಿ ಸೋತ ಜಪಾನಿನಲ್ಲಿ ಆಹಾರಕ್ಕೆ ತತ್ವಾರವಿದ್ದ ಕಾಲದಲ್ಲಿ. ಅಲ್ಲಿನ ವಿಜ್ಞಾನಿ ಶುಕುಒ ಕಿನೊಶಿತಾ ಅವರ ತಂಡ 1956ರ ಸುಮಾರಿಗೆ ಸಕ್ಕರೆ ತಿಂದು ಗ್ಲುಟಾಮಿಕ್ ಆಮ್ಲವನ್ನು ಹೊರಚೆಲ್ಲುವ ಬ್ಯಾಕ್ಟೀರಿಯವನ್ನು ಪತ್ತೆ ಮಾಡಿತು. ಗೋಬಿ ಮಂಚೂರಿಗೆ ಉದುರಿಸುವ ಟೇಸ್ಟಿಂಗ್ ಪೌಡರ್ ಇಂದು ತಯಾರಾಗುವುದು ಈ ದಾರಿಯಲ್ಲೇ. ಅದಕ್ಕೆ ಮೊದಲು ಅದನ್ನು ಗೋಧಿಯ ಅಂಟಿನಿಂದ ತೆಗೆಯಬೇಕಿತ್ತು. ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಸೂಕ್ಷ್ಮಜೀವಿಗಳಿಂದ ಪಡೆದು ಮಾರುಕಟ್ಟೆಗೆ ತಂದದ್ದೂ ಇದೇ ಕಂಪನಿ.

ಕಿರಿನ್ ಬಿಯರ್ 1888ರಿಂದ ಮಾರಾಟದಲ್ಲಿದೆ. ಆ ಕಂಪನಿ 1980ರ ದಶಕದಲ್ಲಿ ಔಷಧದತ್ತ ಹೊರಳಿತು. ತೊಟ್ಟಿಯಲ್ಲಿ ಯೀಸ್ಟನ್ನು ಹದವಾಗಿ ಬೆಳೆಸಲು ಗೊತ್ತಿದ್ದವರಿಗೆ ಪ್ರಾಣಿಕೋಶಗಳನ್ನು ಬೆಳೆಸುವ ಕೆಲಸ ತೀರಾ ಅಪರಿಚಿತವೇನಲ್ಲ. 1984ರಲ್ಲಿ ಅಮೆರಿಕದ ಆಮ್‌ಜೆನ್ ಜೊತೆ ಪಾಲುದಾರಿಕೆ ಮಾಡಿಕೊಂಡು, ಕಿಡ್ನಿ ರೋಗಿಗಳ ರಕ್ತಹೀನತೆಗೆ ಕೊಡುವ ಎರಿತ್ರೊಪೊಯೆಟಿನ್ ಅನ್ನು 1990ರಲ್ಲಿ ಜಪಾನಿನ ಮಾರುಕಟ್ಟೆಗಿಳಿಸಿತು. ಲಾಭ ಬಂತು, ಅದಕ್ಕಿಂತ ಮುಖ್ಯವಾಗಿ ಮೂಲ ಸಂಶೋಧನೆ ಮಾಡುವ ಧೈರ್ಯ ಬಂತು.

ಆ ಧೈರ್ಯದ ಫಲ ಎಫ್‌ಜಿಎಫ್23 ಎಂಬ ಪ್ರೋಟೀನಿನ ಸಂಶೋಧನೆ. ಕೆಲವರ ದೇಹದಲ್ಲಿ ಎಲ್ಲೋ ಒಂದು ಪುಟ್ಟ, ಅಪಾಯವಿಲ್ಲದ ಗೆಡ್ಡೆ ಬೆಳೆಯುತ್ತದೆ. ಅಷ್ಟಕ್ಕೇ ಮೂಳೆಗಳೆಲ್ಲ ಮೆತ್ತಗಾಗಿ ಮುರಿಯತೊಡಗುತ್ತವೆ. ಗೆಡ್ಡೆ ಕತ್ತರಿಸಿ ತೆಗೆದರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಅಂದರೆ ಗೆಡ್ಡೆ ಏನನ್ನೋ ಸುರಿಸುತ್ತಿದೆ ಎಂಬ ಗುಮಾನಿ ವೈದ್ಯರಿಗೆ ಬಹಳ ಕಾಲದಿಂದ ಇತ್ತು, ವಸ್ತು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅಂಥ ಗೆಡ್ಡೆಯೊಂದರಲ್ಲಿ ಯಾವ ಜೀನ್‌ಗಳು ಅತಿಯಾಗಿ ಚುರುಕಾಗಿವೆ ಎಂದು ಹುಡುಕುತ್ತ ಹೋದ ಕಿರಿನ್‌ನ ತಕಾಶಿ ಶಿಮಾದಾ ಮತ್ತು ಸಂಗಡಿಗರು 2001ರಲ್ಲಿ ಅಪರಾಧಿಯನ್ನು ಹೆಸರಿಸಿದರು. ಈ ಪ್ರೋಟೀನನ್ನು ಸ್ರವಿಸುವ ಕೋಶಗಳನ್ನು ಇಲಿಗಳ ಮೈಗೆ ಸೇರಿಸಿದಾಗ ಅವುಗಳ ರಕ್ತದಲ್ಲಿ ಫಾಸ್ಫೇಟ್ ಕುಸಿಯಿತು, ಮೂಳೆ ಮೆತ್ತಗಾಯಿತು. ಅದರ ಹಿಂದಿನ ವರ್ಷವಷ್ಟೇ ಬೇರೊಂದು ಸಂಶೋಧಕರ ಕೂಟ, ಆನುವಂಶಿಕ ರಿಕೆಟ್ಸ್‌ನ ಒಂದು ಬಗೆಯಲ್ಲಿ ಇದೇ ಜೀನ್ ಕೆಟ್ಟಿರುವುದನ್ನು ತೋರಿಸಿತ್ತು.

ಎಫ್‌ಜಿಎಫ್23 ಶತ್ರುವೇನಲ್ಲ. ಅದು ಮೂಳೆಯ ಕೋಶಗಳೇ ಮಾಡುವ ಹಾರ್ಮೋನು. ಹೆಚ್ಚಾದ ಫಾಸ್ಫೇಟನ್ನು ಮೂತ್ರದಲ್ಲಿ ಬಿಡುವಂತೆ ಕಿಡ್ನಿಗೆ ಹೇಳುತ್ತದೆ, ಡಿ ವಿಟಮಿನ್ ಚುರುಕುಗೊಳ್ಳುವುದನ್ನು ತಗ್ಗಿಸುತ್ತದೆ. ಎಕ್ಸ್ ಕ್ರೋಮೊಸೋಮಿನ ಫೆಕ್ಸ್ ಎಂಬ ಜೀನ್ ಕೆಟ್ಟರೆ ಈ ಹಾರ್ಮೋನಿಗೆ ಲಗಾಮಿಲ್ಲದಂತಾಗುತ್ತದೆ. ಸುಮಾರು 20,000 ಮಂದಿಯಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಗೆ ಎಕ್ಸ್‌ಎಲ್‌ಎಚ್ ಎಂದು ಹೆಸರು. ಮಗು ನಡೆಯಲು ಕಲಿತ ಮೇಲೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ಎತ್ತರ ಕುಂಠಿತವಾಗುತ್ತದೆ, ಹುಳುಕಿಲ್ಲದ ಹಲ್ಲಿನ ಬುಡದಲ್ಲೂ ಕೀವು ತುಂಬುತ್ತದೆ. ಮಾಮೂಲಿ ರಿಕೆಟ್ಸ್ ಎಂದು ಬಗೆದು ಡಿ ವಿಟಮಿನ್ ಕೊಟ್ಟರೆ ಜಗ್ಗುವುದಿಲ್ಲ. ದಶಕಗಳ ಕಾಲ ಇದ್ದ ಚಿಕಿತ್ಸೆ ಎಂದರೆ ದಿನಕ್ಕೆ ನಾಲ್ಕೈದು ಸಲ ಫಾಸ್ಫೇಟ್ ಕುಡಿಸುವುದು, ಜೊತೆಗೆ ಚುರುಕುಗೊಳಿಸಿದ ಡಿ ವಿಟಮಿನ್. ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಮೇಲಾಗಿ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುವ ಅಪಾಯ.

ಕಿರಿನ್ ಹಿಡಿದದ್ದು ತೂತನ್ನೇ ಮುಚ್ಚುವ ದಾರಿ. ಎಫ್‌ಜಿಎಫ್23ಕ್ಕೆ ಅಂಟಿಕೊಂಡು ಅದರ ಬಾಯಿ ಕಟ್ಟುವ ಪ್ರತಿಕಾಯವೇ ಬುರೊಸುಮ್ಯಾಬ್. ಕ್ಯಾಲಿಫೋರ್ನಿಯಾದ ಅಲ್ಟ್ರಾಜೆನಿಕ್ಸ್ 2013ರಲ್ಲಿ ಕೈಜೋಡಿಸಿತು. ಒಂದರಿಂದ 12 ವರ್ಷದ 61 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಿಗೆ ಹಳೆಯ ಚಿಕಿತ್ಸೆ, ಉಳಿದವರಿಗೆ ಎರಡು ವಾರಕ್ಕೊಮ್ಮೆ ಚರ್ಮದಡಿ ಈ ಇಂಜೆಕ್ಷನ್. 40 ವಾರಗಳ ನಂತರದ ಎಕ್ಸ್‌ರೇಗಳಲ್ಲಿ ಇಂಜೆಕ್ಷನ್ ಪಡೆದ ಮಕ್ಕಳ ಮೂಳೆಗಳು ಸ್ಪಷ್ಟವಾಗಿ ಮುಂದಿದ್ದವು. ಯುರೋಪು ಮತ್ತು ಅಮೆರಿಕ 2018ರಲ್ಲಿ, ಜಪಾನ್ ಮರುವರ್ಷ ಒಪ್ಪಿಗೆ ಕೊಟ್ಟವು. ಅಪರಾಧಿಯನ್ನು ಹೆಸರಿಸಿದ ಮೇಲೆ 17 ವರ್ಷ! ಕಾಯಿಲೆ ವಾಸಿಯಾಗುವುದಿಲ್ಲ, ಇಂಜೆಕ್ಷನ್ ನಿಲ್ಲಿಸುವಂತಿಲ್ಲ. ಕಥೆ ಶುರುವಾದ ಆ ಗೆಡ್ಡೆಯ ಕಾಯಿಲೆಯಲ್ಲೂ, ಗೆಡ್ಡೆ ಸಿಗದಿದ್ದಾಗ ಅಥವಾ ಪೂರ್ತಿ ತೆಗೆಯಲಾಗದಿದ್ದಾಗ, ಇದೇ ಮದ್ದನ್ನು ಕೊಡಲು 2020ರಲ್ಲಿ ಅಮೆರಿಕ ಅನುಮತಿಸಿತು.

ಕ್ಯೋವಾ ಹಕ್ಕೊ ಕಡೆಯಿಂದ ಬಂದ ಕೊಡುಗೆ ಬೇರೆ. ಪ್ರತಿಕಾಯದ ಮೈಮೇಲಿನ ಸಕ್ಕರೆ ಸರಪಳಿಯಿಂದ ಫ್ಯೂಕೋಸ್ ಎಂಬ ಒಂದೇ ಒಂದು ಸಕ್ಕರೆಯನ್ನು ಕಳಚಿದರೆ, ಕೇಡಿನ ಕೋಶಗಳನ್ನು ಕೊಲ್ಲಲು ರೋಗನಿರೋಧಕ ಕೋಶಗಳನ್ನು ಕರೆಯುವ ಅದರ ಶಕ್ತಿ ಹಲವು ಪಟ್ಟು ಏರುತ್ತದೆ. ಈ ತಂತ್ರದಿಂದ ಬಂದ ಮೊಗಮುಲಿಜುಮ್ಯಾಬ್‌ಗೆ 2012ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. ಅದು ವಯಸ್ಕರ ಟಿ-ಕೋಶ ರಕ್ತಕ್ಯಾನ್ಸರಿನ ಮದ್ದು. ಎಚ್‌ಟಿಎಲ್‌ವಿ-1 ವೈರಸ್ಸಿನಿಂದ ಬರುವ ಈ ಕ್ಯಾನ್ಸರ್ ಜಪಾನಿನ ನೈಋತ್ಯದ ಕ್ಯುಶು ಭಾಗದಲ್ಲಿ ಹೆಚ್ಚು. ಇದನ್ನು 1977ರಲ್ಲಿ ಮೊದಲು ಗುರುತಿಸಿದವರೂ ಜಪಾನಿನ ವೈದ್ಯರೇ. ಮದ್ದು ಸೌಮ್ಯವಾದುದಲ್ಲ: ಚರ್ಮಕ್ಕೆ ತೀವ್ರ ತೊಂದರೆ ಆಗಬಹುದು, ಅಸ್ಥಿಮಜ್ಜೆ ಕಸಿಗೆ ಮುನ್ನ ಕೊಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ.

ಇಷ್ಟು ಕಡಿಮೆ ರೋಗಿಗಳಿಗಾಗಿ ಕಂಪನಿಯೊಂದು ಇಷ್ಟು ಹಣ ಹೂಡುವುದಕ್ಕೆ ಸರ್ಕಾರದ ಬೆನ್ನಾಸರೆಯೂ ಕಾರಣ. ಜಪಾನಿನಲ್ಲಿ 1993ರಿಂದ, 50,000ಕ್ಕಿಂತ ಕಡಿಮೆ ರೋಗಿಗಳಿರುವ ಕಾಯಿಲೆಯ ಔಷಧಕ್ಕೆ ವಿಶೇಷ ಸವಲತ್ತುಗಳಿವೆ. 2015ರಲ್ಲಿ ಜಾರಿಯಾದ ಕಾಯ್ದೆ, ಪಟ್ಟಿ ಮಾಡಿದ ದುಸ್ಸಾಧ್ಯ ಕಾಯಿಲೆಗಳ ಚಿಕಿತ್ಸಾ ವೆಚ್ಚದಲ್ಲಿ ರೋಗಿಯ ಹೊರೆಯನ್ನು ಇಳಿಸಿದೆ.

ಕಂಪನಿಯ ಮತ್ತೊಂದು ಹೆಜ್ಜೆ ಸ್ವಂತ ಪ್ರಯೋಗಾಲಯದ್ದಲ್ಲ, ಕೊಂಡದ್ದು. 2024ರ ಜನವರಿಯಲ್ಲಿ ಅದು ಲಂಡನ್ನಿನ ಆರ್ಚರ್ಡ್ ಥೆರಪ್ಯೂಟಿಕ್ಸ್ ಅನ್ನು ತನ್ನದಾಗಿಸಿಕೊಂಡಿತು. ಆರ್ಚರ್ಡ್ ಬಳಿ ಇದ್ದದ್ದು ಎಂಎಲ್‌ಡಿ ಎಂಬ ಕಾಯಿಲೆಗೆ ಮಿಲಾನ್‌ನಲ್ಲಿ ರೂಪುಗೊಂಡ ಜೀನ್ ಚಿಕಿತ್ಸೆ. ಎಂಎಲ್‌ಡಿಯಲ್ಲಿ ಒಂದು ಕಿಣ್ವದ ಕೊರತೆಯಿಂದ ನರಗಳ ಹೊದಿಕೆ ಸವೆದು, ಆಡಿಕೊಂಡಿದ್ದ ಮಗು ನಡೆಯುವುದನ್ನೂ ಮಾತನ್ನೂ ಮರೆಯುತ್ತದೆ. ಮಗುವಿನದೇ ರಕ್ತದ ಮೂಲಕೋಶಗಳನ್ನು ತೆಗೆದು, ಸರಿಯಾದ ಜೀನ್ ಸೇರಿಸಿ ಮರಳಿಸುವುದು ಈ ಚಿಕಿತ್ಸೆ. ಒಮ್ಮೆ ಮಾಡಿದರೆ ಸಾಕು. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ನಿಗದಿಯಾದ ಬೆಲೆ 42.5 ಲಕ್ಷ ಡಾಲರ್. ಆ ಹೊತ್ತಿಗೆ ಜಗತ್ತಿನ ಅತಿ ದುಬಾರಿ ಮದ್ದುಗಳಲ್ಲೊಂದು. ಬೆಲೆಗಿಂತ ದೊಡ್ಡ ತೊಡಕು ಸಮಯ. ಎಳೆಯ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಬಗೆಗೆ ಈ ಚಿಕಿತ್ಸೆ ಫಲ ಕೊಡುವುದು ಲಕ್ಷಣಗಳು ತೋರುವ ಮೊದಲೇ ಕೊಟ್ಟರೆ. ಹೆಚ್ಚಿನ ಮನೆಗಳಲ್ಲಿ ದೊಡ್ಡ ಮಗುವಿಗೆ ಕಾಯಿಲೆ ಬಂದ ಮೇಲಷ್ಟೇ ಚಿಕ್ಕದನ್ನು ಪರೀಕ್ಷಿಸುವುದು. ಆದ್ದರಿಂದ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆಯುವ ಹನಿ ರಕ್ತದಲ್ಲೇ ಎಂಎಲ್‌ಡಿ ಪತ್ತೆ ಮಾಡುವ ತಪಾಸಣೆಯ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ.